ಹೆಜ್ಜೆ ಕೂಡಿದ ಪಟಗಳು

ಗದಗಿನ ದಕ್ಷಿಣಕ್ಕೆ, ಕಪ್ಪತಗುಡ್ಡ ದೂರದಲ್ಲಿ ನೀಲಿಯಾಗಿ ಕಾಣುವ ಬಯಲಿನಲ್ಲಿ, ಪಟ ಹಾರಿಸಿ ವಿದ್ಯುತ್ ತೆಗೆಯತೊಡಗಿ ಒಂಬತ್ತು ವರ್ಷವಾಗಿತ್ತು. ಕಂಪನಿಯ ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರೇನೋ ಇತ್ತು. ಸುತ್ತಲಿನ ಹಳ್ಳಿಯವರು ಮಾತ್ರ ಅದನ್ನು ‘ಪಟದ ಹೊಲ’ ಎನ್ನುತ್ತಿದ್ದರು. ಹನ್ನೆರಡು ಕಟ್ಟೆಗಳು, ಕಟ್ಟೆಗೆ ಹನ್ನೆರಡು ಪಟಗಳು, ಒಟ್ಟು ನೂರ ನಲವತ್ತನಾಲ್ಕು. ಒಂದೊಂದು ಪಟವೂ ಎರಡು ಬಸ್ಸು ನಿಲ್ಲಿಸಿದಷ್ಟು ಅಗಲ. ಶುರುವಿನಲ್ಲಿ ದನಗಳು ಅದರ ನೆರಳಿಗೆ ಬೆದರಿ ಓಡುತ್ತಿದ್ದವು. ಆಮೇಲಾಮೇಲೆ ಆ ನೆರಳಲ್ಲೇ ಮಲಗಿ ಮೆಲುಕು ಹಾಕತೊಡಗಿದವು.

ಅದು ಕೆಲಸ ಮಾಡುವ ರೀತಿ ಸರಳ. ಪಟ ಗಾಳಿ ಹಿಡಿದು ಮೇಲೇರುವಾಗ ಹಗ್ಗವನ್ನು ಎಳೆಯುತ್ತದೆ. ಹಗ್ಗ ನೆಲದ ಮೇಲಿನ ದೊಡ್ಡ ರಾಟೆಯಿಂದ ಬಿಚ್ಚಿಕೊಳ್ಳುತ್ತದೆ. ರಾಟೆ ತಿರುಗಿದರೆ ವಿದ್ಯುತ್ತು. ಎಪ್ಪತ್ತು ಸೆಕೆಂಡಿನಲ್ಲಿ ಹಗ್ಗ ಮುಗಿಯುತ್ತದೆ. ಆಗ ಪಟ ಓರೆಯಾಗಿ ಗಾಳಿಗೆ ಮೈ ತಪ್ಪಿಸುತ್ತದೆ. ರಾಟೆ ಹಿಂದಕ್ಕೆ ತಿರುಗಿ ಇಪ್ಪತ್ತು ಸೆಕೆಂಡಿನಲ್ಲಿ ಅದನ್ನು ಕೆಳಗೆ ಎಳೆದುಕೊಳ್ಳುತ್ತದೆ. ಮತ್ತೆ ಏರಿಕೆ. ಹೀಗೆ ಎಳೆದುಕೊಳ್ಳಲು ವಿದ್ಯುತ್ತು ಬೇಕಲ್ಲ, ಅದನ್ನು ಆ ಹೊತ್ತಿಗೆ ಏರುತ್ತಿರುವ ಬೇರೆ ಪಟಗಳು ಕೊಡುತ್ತವೆ. ಯಾವ ಗಳಿಗೆಯಲ್ಲಿ ನೋಡಿದರೂ ಸುಮಾರು ಮೂವತ್ತೆರಡು ಪಟ ಇಳಿಯುತ್ತಿರುತ್ತವೆ, ಉಳಿದವು ಏರುತ್ತಿರುತ್ತವೆ. ತೀರಾ ಹೆಚ್ಚುಕಮ್ಮಿಯಾದರೆ ಇರಲೆಂದು ಒಂದು ಆಸರೆ ಬ್ಯಾಟರಿಯೂ ಇತ್ತು. ಒಮ್ಮೆಗೆ ತೊಂಬತ್ತು ಪಟಗಳನ್ನು ಇಳಿಸುವಷ್ಟು ಅದರ ತಾಕತ್ತು. ಅಷ್ಟು ಪಟ ಒಟ್ಟಿಗೆ ಇಳಿಯುವ ಪ್ರಸಂಗ ಬಂದೀತೆಂದು ಯಾರೂ ಎಣಿಸಿರಲಿಲ್ಲ.

ನೀಲಗಂಗಾ ಬಣ್ಣದ ಎಂಬಾಕೆ ಆ ಹೊಲಕ್ಕೆ ಕೆಲಸಕ್ಕೆ ಬಂದದ್ದು ಹಗ್ಗ ನೋಡುವವಳಾಗಿ. ಬೆಟಗೇರಿಯ ನೇಕಾರರ ಹುಡುಗಿ, ವಯಸ್ಸು ಇಪ್ಪತ್ತಾರು. ಹಗ್ಗದ ಮೇಲೆ ಅಂಗೈ ಸವರುತ್ತ ಹೋಗಿ, ಯಂತ್ರ ಪಾಸು ಮಾಡಿದ ಹಗ್ಗದಲ್ಲೂ “ಇಲ್ಲಿ ಒಂದು ಎಳೆ ಸಡಿಲವಾಗಿದೆ” ಎಂದು ನಿಲ್ಲಿಸುತ್ತಿದ್ದಳು. ಬಿಚ್ಚಿ ನೋಡಿದರೆ ಸಡಿಲವಾಗಿಯೇ ಇರುತ್ತಿತ್ತು. ಇದನ್ನು ಕಂಡ ಪಾಳಿ ಎಂಜಿನಿಯರ್ ಮೌಲಾಸಾಬ್ ನದಾಫ್ ಅವಳನ್ನು ನಿಯಂತ್ರಣ ಕೊಠಡಿಗೆ ಕರೆತಂದಿದ್ದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

ನೀಲಗಂಗಾಳಿಗೆ ಆಟಿಸಂ ಇದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ಅವಳಿಗೆ ಹತ್ತೊಂಬತ್ತು ತುಂಬಿದಾಗ. ಅದಕ್ಕೆ ಮೊದಲು ಓಣಿಯವರು ಬೇರೆ ಬೇರೆ ಹೆಸರು ಇಟ್ಟಿದ್ದರು. ಅವಳು ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಗದಗಿನ ಮಾತಾಡಿದರೂ ಅವಳದು ಪಠ್ಯಪುಸ್ತಕದ ಕನ್ನಡ. ಒಂದೇ ಸಲ ಇಬ್ಬರು ಮಾತಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಚೇಷ್ಟೆ ಮಾಡಿದರೆ ಅದು ಚೇಷ್ಟೆಯೆಂದು ತಿಳಿಯುತ್ತಿರಲಿಲ್ಲ. ಆದರೆ ಓಣಿಯ ನಲವತ್ತು ಮಗ್ಗಗಳಲ್ಲಿ ಯಾವುದು ನಿಂತಿತೆಂದು ಮನೆಯೊಳಗೆ ಕೂತೇ ಹೇಳುತ್ತಿದ್ದಳು.

ನಿಯಂತ್ರಣ ಕೊಠಡಿಯಲ್ಲಿ ಉಳಿದವರೆಲ್ಲ ನೋಡುತ್ತಿದ್ದದ್ದು ಗೋಡೆಯ ಮೇಲಿನ ದೊಡ್ಡ ಪರದೆಯನ್ನು. ಅದರಲ್ಲಿ ನೂರ ನಲವತ್ತನಾಲ್ಕು ಹಸಿರು ಚುಕ್ಕಿಗಳು, ಕೆಳಗೆ ಹತ್ತು ನಿಮಿಷದ ಸರಾಸರಿ. ಚುಕ್ಕಿ ಹಸಿರಿದ್ದರೆ ಕ್ಷೇಮ. ನೀಲಗಂಗಾ ಮಾತ್ರ ಮೂಲೆಯ ಸಣ್ಣ ಪರದೆಯ ಮುಂದೆ, ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು ಕೂರುತ್ತಿದ್ದಳು. ಅಲ್ಲಿ ಪ್ರತಿ ಹಗ್ಗದ ಎಳೆತವೂ ಸರಾಸರಿಯಾಗದೆ, ಇದ್ದದ್ದು ಇದ್ದಂತೆ ಗೆರೆಗೆರೆಯಾಗಿ ಹರಿಯುತ್ತಿತ್ತು. ಬೇರೆಯವರು ಐದು ನಿಮಿಷ ನೋಡಿದರೆ ತಲೆ ಸಿಡಿಯುತ್ತದೆ ಎನ್ನುತ್ತಿದ್ದರು. ಅವಳಿಗೆ ಅದು ಬಿಚ್ಚಿಟ್ಟ ಸೀರೆಯಷ್ಟು ಸ್ಪಷ್ಟ.

ಅವಳ ಪಕ್ಕದ ಮೇಜು ಚಿದಾನಂದ ಗಾಣಿಗೇರನದು. ಕಟ್ಟೆಗಳ ಮೇಲಿನ ಕೆಲಸಗಾರರೊಂದಿಗೆ ವೈರ್‌ಲೆಸ್‌ನಲ್ಲಿ ಮಾತಾಡುವುದು ಅವನ ಕೆಲಸ. ಹತ್ತು ನಿಮಿಷ ಒಂದೆಡೆ ಕೂತವನಲ್ಲ. ಚಹಾ ತರಲು ಹೋದವನು ಪಂಪು ರಿಪೇರಿ ಮಾಡಿ, ಚಹಾ ಮರೆತು ಬರುತ್ತಿದ್ದ. ದಿನದ ವರದಿ ತುಂಬಲು ಮರೆತದ್ದಕ್ಕೆ ಮೂರು ಮೆಮೊ ಬಂದಿದ್ದವು. ಅವನಿಗೂ ಒಂದು ಡಾಕ್ಟರ ಚೀಟಿ ಇತ್ತು, ಗಮನ ಚದುರುವ ತೊಂದರೆ ಎಂದು ಬರೆದದ್ದು. ಅದನ್ನವನು ಪಾಕೀಟಿನಲ್ಲಿ ಮಡಚಿಟ್ಟುಕೊಂಡಿದ್ದ, ಯಾರಿಗೂ ತೋರಿಸಿರಲಿಲ್ಲ. ನೀಲಗಂಗಾಳಿಗೆ ಮಾತ್ರ ತೋರಿಸಿದ್ದ. ಅವಳು ಓದಿ, “ಅಕ್ಷರ ಚೆನ್ನಾಗಿಲ್ಲ” ಎಂದು ವಾಪಸು ಕೊಟ್ಟಿದ್ದಳು.

ಜ್ಯೇಷ್ಠದಲ್ಲಿ ಪಟಗಳ ಸಾಫ್ಟ್‌ವೇರ್ ಬದಲಾಯಿತು. ಹಳೆಯದರಲ್ಲಿ ಪ್ರತಿ ಪಟವೂ ಹಗ್ಗ ಮುಗಿದ ಕೂಡಲೇ ಇಳಿಯುತ್ತಿತ್ತು. ಹೊಸದಕ್ಕೆ ಒಂದು ಜಾಣತನ ಕಲಿಸಿದ್ದರು: ಹಗ್ಗ ಮುಗಿಯುವ ಹೊತ್ತಿಗೆ ಎಲ್ಲ ಪಟಗಳೂ ಹಂಚಿಕೊಳ್ಳುವ ತಂತಿಯಲ್ಲಿ ವಿದ್ಯುತ್ತು ಸಾಲದಿದ್ದರೆ ಪಟ ಮೇಲೆ ಒಂದೆರಡು ಸೆಕೆಂಡು ಕಾಯುತ್ತದೆ, ಹೆಚ್ಚಾದ ತಕ್ಷಣ ಇಳಿಯುತ್ತದೆ. ಬ್ಯಾಟರಿಗೆ ಶ್ರಮ ಕಡಿಮೆ, ಉತ್ಪಾದನೆ ನೂರಕ್ಕೆ ನಾಲ್ಕು ಹೆಚ್ಚು. ಎಲ್ಲರಿಗೂ ಖುಷಿಯಾಯಿತು. ಕೇಂದ್ರದ ಮುಖ್ಯಸ್ಥೆ ವತ್ಸಲಾ ಅರಸ್ ಸಿಹಿ ಹಂಚಿದರು.

ಒಂಬತ್ತನೆಯ ದಿನ ನೀಲಗಂಗಾ ನದಾಫರ ಮೇಜಿನ ಹತ್ತಿರ ಬಂದು, ಅವರ ಪೆನ್ನಿನ ಸ್ಟ್ಯಾಂಡನ್ನು ನೋಡುತ್ತ ಹೇಳಿದಳು:

“ಸರ್, ಪಟಗಳು ಹೆಜ್ಜೆ ಕೂಡುತ್ತಿವೆ.”

“ಹಂಗಂದ್ರ?”

“ಮೊದಲು ಒಮ್ಮೆಗೆ ಇಳಿಯುವ ಪಟಗಳು ಹೆಚ್ಚೆಂದರೆ ಮೂವತ್ತನಾಲ್ಕು ಇದ್ದವು. ಇವತ್ತು ನಲವತ್ತೊಂದು. ತಂತಿಯಲ್ಲಿ ವಿದ್ಯುತ್ತು ಹೆಚ್ಚಾದ ಗಳಿಗೆಗಾಗಿ ಎಲ್ಲವೂ ಕಾಯುತ್ತಿವೆ. ಆದ್ದರಿಂದ ಎಲ್ಲವೂ ಆ ಗಳಿಗೆಯಲ್ಲೇ ಇಳಿಯುತ್ತವೆ.”

ನದಾಫರು ಹದಿನೈದು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರಲ್ಲಿ ಹುಟ್ಟಿ ಬೆಳೆದ ಮನುಷ್ಯ. ನೀರು ಬಂತೆಂದರೆ ಓಣಿಯವರೆಲ್ಲ ಒಮ್ಮೆಗೇ ಕೊಡ ಹಿಡಿಯುವುದನ್ನೂ, ಹಿಡಿದರೆ ಯಾರ ಕೊಡವೂ ತುಂಬದ್ದನ್ನೂ ಕಂಡವರು. ಅವರಿಗೆ ಅರ್ಥವಾಯಿತು.

“ಬರದು ಮ್ಯಾಡಂಗ ಕಳಸು,” ಎಂದರು.

ಅವಳು ಬರೆದಳು. ಇಪ್ಪತ್ತಾರು ಪುಟ. ಪ್ರತಿ ಪಟದ ಪ್ರತಿ ದಿನದ ಲೆಕ್ಕ. ಉತ್ತರ ಬರಲಿಲ್ಲ. ಮುಂದಿನ ವಾರ ಮತ್ತೆ ಬರೆದಳು, ಆಗ ಐವತ್ತೆರಡು. ನದಾಫರು ಮೀಟಿಂಗಿನಲ್ಲಿ ವಿಷಯ ತೆಗೆದರು. ಸಾಫ್ಟ್‌ವೇರ್ ಮಾಡಿದವರು ಬೆಂಗಳೂರಿನಿಂದ ವಿಡಿಯೊದಲ್ಲಿ ಬಂದು ಸರಾಸರಿಯ ಚಿತ್ರ ತೋರಿಸಿದರು. ಗೆರೆ ಕೆರೆಯ ನೀರಿನಂತೆ ಸಮವಾಗಿತ್ತು. ಹತ್ತು ನಿಮಿಷದ ಸರಾಸರಿಯಲ್ಲಿ ತೊಂಬತ್ತು ಸೆಕೆಂಡಿನ ಏರಿಳಿತ ಎಲ್ಲಿ ಕಾಣಬೇಕು? ನೀಲಗಂಗಾಳಿಗೆ ಮಾತಾಡಲು ಹೇಳಿದಾಗ ಆ ಕೋಣೆಯಲ್ಲಿ ಹದಿನಾಲ್ಕು ಜನ, ಒಂದು ಗುಂಯ್‌ಗುಡುವ ಟ್ಯೂಬ್‌ಲೈಟು. ಅವಳು ಎದ್ದು ನಿಂತಳು. ಗೋಡೆ ನೋಡಿದಳು. ಮೊದಲನೇ ಪಟದಿಂದ ಅಂಕಿ ಹೇಳತೊಡಗಿದಳು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಯಾರೋ ನಕ್ಕರು.

ವತ್ಸಲಾ ಅರಸ್ ಕೆಟ್ಟವರಲ್ಲ. ಮೈಸೂರಿನ ಕಡೆಯವರು, ಶಿಸ್ತಿನವರು. ನೂರೆಂಟು ತಲೆನೋವುಗಳ ನಡುವೆ ಅವರಿಗೆ ಕಂಡದ್ದು, ಎದುರಿನವರಿಗೆ ತಿಳಿಯುವಂತೆ ಎರಡು ಮಾತಾಡಲಾರದ ಒಬ್ಬ ಹುಡುಗಿ. ತುರ್ತಿನ ಹೊತ್ತಲ್ಲಿ ಇವಳ ಮಾತನ್ನು ಯಾರು ತಿಳಿದುಕೊಳ್ಳಬೇಕು ಎಂಬ ಅವರ ಪ್ರಶ್ನೆಯಲ್ಲಿ ಅನ್ಯಾಯವೇನೂ ಅವರಿಗೆ ಕಂಡಿರಲಿಲ್ಲ. ಆಷಾಢ ಹುಟ್ಟಿದ ವಾರ ನೀಲಗಂಗಾಳ ಕೈಗೆ ಒಂದು ಕಾಗದ ಬಂತು. ‘ಕೆಲಸದ ನಿಖರತೆ: ಅತ್ಯುತ್ತಮ. ತಂಡದೊಂದಿಗೆ ಹೊಂದಾಣಿಕೆ: ಸಾಲದು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕೆಲಸದಿಂದ ಬಿಡುಗಡೆ.’

ಆ ಕಾಗದವನ್ನು ಅವಳು ಮನೆಗೆ ತಂದು ಅವ್ವನ ಮುಂದೆ ಇಟ್ಟಳು. ಶಾಂತವ್ವ ಮಗ್ಗದಿಂದ ಎದ್ದು ಬಂದು, ಕಾಗದವನ್ನು ದೂರ ಹಿಡಿದು ಓದಿದಳು.

“ಹೊಂದಾಣಿಕಿ ಅಂದ್ರೇನವಾ? ಯಾರ ಜೋಡಿ ಜಗಳಾಡಿದಿ?”

“ಯಾರ ಜೊತೆಗೂ ಜಗಳವಾಡಿಲ್ಲ.”

“ಮತ್ಯಾಕ ಹಿಂಗ ಬರದಾರ?”

“ನಾನು ಮಾತಾಡಿದರೆ ಅವರಿಗೆ ಅರ್ಥವಾಗುವುದಿಲ್ಲ. ಅವರು ಮಾತಾಡಿದರೆ ನನಗೆ ಅರ್ಥವಾಗುವುದಿಲ್ಲ. ಆದರೆ ಕಾಗದ ಬಂದಿರುವುದು ನನಗೆ ಮಾತ್ರ.”

ಶಾಂತವ್ವ ಕಾಗದವನ್ನು ಮಡಚಿ ಮಗ್ಗದ ಮೇಲಿಟ್ಟಳು. ಗಂಡ ಹೋದಾಗಿನಿಂದ ಹದಿನೆಂಟು ವರ್ಷ ಒಬ್ಬಳೇ ಮಗಳನ್ನು ಸಾಕಿದವಳು. ಈ ಮಗಳಿಗೆ ಒಂದು ಜಾಗ ಸಿಕ್ಕಿತು, ತಾನು ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಎಂದು ಹೋದ ದೀಪಾವಳಿಯಲ್ಲಿ ವೀರನಾರಾಯಣನ ಗುಡಿಯಲ್ಲಿ ತುಪ್ಪದ ದೀಪ ಹಚ್ಚಿ ಬಂದಿದ್ದಳು.

“ನಾನs ಬಂದು ನಿಮ್ಮ ಮ್ಯಾಡಂಗ ಹೇಳ್ತೀನಿ,” ಎಂದಳು. “ಕಾಲಿಗೆ ಬೀಳಂದ್ರ ಬೀಳ್ತೀನಿ.”

“ಬೇಡ. ಕಾಲಿಗೆ ಬಿದ್ದರೆ ಅಂಕಿ ಕಡಿಮೆಯಾಗುವುದಿಲ್ಲ. ನಿನ್ನೆ ಎಪ್ಪತ್ತೊಂಬತ್ತು ಆಗಿದೆ, ಅವ್ವಾ. ತೊಂಬತ್ತು ದಾಟಿದರೆ ಪಟಗಳು ಬೀಳುತ್ತವೆ. ಕೆಳಗೆ ಜನ ಕಳೆ ತೆಗೆಯುತ್ತಿದ್ದಾರೆ.”

ಆಗ ಶಾಂತವ್ವನಿಗೆ ತಿಳಿಯಿತು, ಮಗಳ ಸಂಕಟ ಕೆಲಸ ಹೋದದ್ದಕ್ಕಲ್ಲ. ಅವಳು ಮಗಳನ್ನು ಮುಟ್ಟಲಿಲ್ಲ. ಮುಟ್ಟಿದರೆ ಅವಳಿಗೆ ಆಗುವುದಿಲ್ಲ. ರೊಟ್ಟಿ ಒಂದು ತಟ್ಟೆಯಲ್ಲಿ, ಹೆಸರುಕಾಳಿನ ಪಲ್ಯ ಇನ್ನೊಂದರಲ್ಲಿ, ಒಂದಕ್ಕೊಂದು ತಾಗದಂತೆ ಬಡಿಸಿ, ಎದುರಿಗೆ ಕೂತಳು.

“ಹಂಗಿದ್ರ ಬಿಡಬ್ಯಾಡ,” ಎಂದಳು. “ಒಂದನೇ ತಾರೀಖಿನ ತನಕಾ ನೀ ಅಲ್ಲೇ ಇರ್ತಿ. ದಿನಾ ಹೇಳು. ಕಿವಿ ಕೇಳಲಾರದವರಿಗೆ ಹೇಳಿದಂಗ ಹೇಳು.”

ನೀಲಗಂಗಾ ಅವ್ವ ಹೇಳಿದ್ದನ್ನು ಹೇಳಿದಂತೆಯೇ ಮಾಡುವವಳು. ಮರುದಿನದಿಂದ ಪ್ರತಿ ಗಂಟೆಗೊಮ್ಮೆ ನದಾಫರ ಮೇಜಿನ ಬಳಿ ಬಂದು ಒಂದು ಅಂಕಿ ಹೇಳಿ ಹೋಗತೊಡಗಿದಳು. ಎಂಬತ್ತು. ಎಂಬತ್ತು. ಎಂಬತ್ತೊಂದು. ನದಾಫರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಎರಡು ಸಲ ವತ್ಸಲಾ ಮೇಡಂ ಹತ್ತಿರ ಹೋಗಿ ಬಂದರು. ಬೆಂಗಳೂರಿಗೆ ಕೇಳಿದ್ದೇವೆ, ಮುಂದಿನ ವಾರ ನೋಡುತ್ತಾರಂತೆ ಎಂಬ ಉತ್ತರ ತಂದರು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಎರಡು ವಾರಕ್ಕೆ, ಒಂದು ಗುರುವಾರ ಮಧ್ಯಾಹ್ನ, ಪಶ್ಚಿಮದಿಂದ ಬಿರುಗಾಳಿಯ ಒಂದು ಪಟ್ಟಿ ಬರುತ್ತಿದೆ ಎಂದು ಹವಾಮಾನದ ಸೂಚನೆ ಬಂತು. ಆಷಾಢದಲ್ಲಿ ಅದೇನು ಹೊಸದಲ್ಲ. ಗಾಳಿ ಹೆಚ್ಚಾದಷ್ಟೂ ಪಟದ ಹೊಲಕ್ಕೆ ಸುಗ್ಗಿ. ಅಂದು ರಾಜಧಾನಿಯಿಂದ ಅಧಿಕಾರಿಗಳು ಬಂದಿದ್ದರು. ವತ್ಸಲಾ ಅವರೊಂದಿಗೆ ಪಕ್ಕದ ಸಭಾಕೋಣೆಯಲ್ಲಿದ್ದರು.

ಎರಡೂಮುಕ್ಕಾಲಕ್ಕೆ ನೀಲಗಂಗಾ ಎದ್ದಳು. ಗಂಟೆ ಆಗಿರಲಿಲ್ಲ. ಅದಕ್ಕೇ ನದಾಫರು ತಲೆ ಎತ್ತಿದರು.

“ಎಂಬತ್ತಾರು,” ಎಂದಳು. “ಬೆಳಿಗ್ಗೆ ಎಂಬತ್ತೆರಡಿತ್ತು. ಗಾಳಿ ಜೋರಾಗಿ ಎಲ್ಲವೂ ಒಂದೇ ವೇಗದಲ್ಲಿ ಏರುತ್ತಿವೆ. ನಿಧಾನದ ಪಟಗಳೂ ಈಗ ಹಿಂದುಳಿಯುತ್ತಿಲ್ಲ. ಇನ್ನು ಮೂರು ಸುತ್ತು, ಸರ್. ನಾಲ್ಕೂವರೆ ನಿಮಿಷ.”

ನದಾಫರು ದೊಡ್ಡ ಪರದೆ ನೋಡಿದರು. ನೂರ ನಲವತ್ತನಾಲ್ಕೂ ಹಸಿರು. ಆಮೇಲೆ ಮೂಲೆಯ ಸಣ್ಣ ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಅವರ ಕಣ್ಣಿಗೂ ಆಗ ಬಿತ್ತು. ಚದುರಿದಂತಿರಬೇಕಾದ ಗೆರೆಗಳು ಒಟ್ಟಾಗಿ ಏರಿ, ಒಟ್ಟಾಗಿ ಧುಮುಕುತ್ತಿದ್ದವು.

“ಹೊಸಾ ನಿಯಮ ಬಂದ್ ಮಾಡಿದ್ರ?”

“ಸಾಲದು. ಈಗಾಗಲೇ ಹೆಜ್ಜೆ ಕೂಡಿದೆ. ಬಂದ್ ಮಾಡಿದರೂ ಮುಂದಿನ ಸುತ್ತಿನಲ್ಲಿ ಒಟ್ಟಿಗೇ ಇಳಿಯುತ್ತವೆ. ಕೈಯಿಂದ ಚದುರಿಸಬೇಕು. ಕೆಲವನ್ನು ಮೇಲೆಯೇ ತಡೆದು ನಿಲ್ಲಿಸಬೇಕು. ಒಂದೊಂದನ್ನು ಒಂದೊಂದು ಹೊತ್ತು.”

“ಯಾವುದನ್ನ ಎಷ್ಟೊತ್ತು, ಗೊತ್ತೈತೇನು?”

“ಗೊತ್ತಿದೆ.”

ಕೈಯಿಂದ ನಡೆಸುವ ಕೀಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಮುಖ್ಯಸ್ಥರ ಲಿಖಿತ ಅಪ್ಪಣೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಸಭಾಕೋಣೆಗೆ ಹೋಗಿ, ವಿವರಿಸಿ, ಸಹಿ ಪಡೆಯಲು ನಾಲ್ಕೂವರೆ ನಿಮಿಷ ಎಲ್ಲಿ ಸಾಲಬೇಕು? ನದಾಫರಿಗೆ ನಿವೃತ್ತಿಗೆ ಮೂರು ವರ್ಷ ಇತ್ತು. ಅವರು “ಬಿಸ್ಮಿಲ್ಲಾ” ಎಂದು ಗಾಜು ಒಡೆದು ಕೀಲಿ ತಿರುಗಿಸಿದರು.

ನೂರ ನಲವತ್ತನಾಲ್ಕು ಚುಕ್ಕಿಗಳೂ ಒಮ್ಮೆಗೆ ಹಳದಿಯಾದವು. ಸೈರನ್ ಕೂಗಿತು. ನೀಲಗಂಗಾ ಎರಡೂ ಕೈಯಿಂದ ಕಿವಿಯ ಮುಚ್ಚಳವನ್ನು ಒತ್ತಿಕೊಂಡು ನೆಲಕ್ಕೆ ಕುಸಿದಳು. ಇನ್ನೇನು ಮುಗಿಯಿತು ಎಂದುಕೊಂಡರು ನದಾಫರು. ಆದರೆ ಚಿದಾನಂದ ಆಗಲೇ ಕುರ್ಚಿ ಹಾರಿ ಹೋಗಿ ಸೈರನ್ನಿನ ವೈರು ಕಿತ್ತಿದ್ದ. ಟ್ಯೂಬ್‌ಲೈಟಿನ ಸ್ವಿಚ್ಚನ್ನೂ ಆರಿಸಿದ. ಕೋಣೆ ನಿಶ್ಶಬ್ದವಾಯಿತು. ಹನ್ನೆರಡು ಕಟ್ಟೆಗಳ ಹನ್ನೆರಡು ವೈರ್‌ಲೆಸ್ ಚಾನೆಲ್ ಒಂದೇ ಸಲ ತೆರೆದು, ನೆಲದಲ್ಲಿ ಅವಳ ಪಕ್ಕ ಕೂತ.

“ನೀ ಹೇಳವಾ. ಮೆಲ್ಲಕ ಹೇಳು. ಕಿರಚೂದು ನಾ ಮಾಡ್ತೀನಿ.”

ಅವಳು ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದಳು. ಅವಳ ದನಿ ಪಾಠ ಒಪ್ಪಿಸುವವಳಂತಿತ್ತು.

“ಒಂದನೇ ಕಟ್ಟೆ. ಎರಡನೇ ಪಟ ಆರು ಸೆಕೆಂಡು. ಐದನೆಯದು ಹದಿನೆಂಟು. ಏಳನೆಯದನ್ನು ನಿಲ್ಲಿಸಬೇಡಿ, ಎಡರೆಕ್ಕೆಗೆ ತೇಪೆಯಿದೆ, ಅದನ್ನು ಮೊದಲು ಇಳಿಸಿ. ಒಂಬತ್ತು ಮೂವತ್ತು ಸೆಕೆಂಡು ನಿಲ್ಲುತ್ತದೆ, ಅದರ ಹಗ್ಗ ಹೊಸದು. ಎರಡನೇ ಕಟ್ಟೆ…”

ಯಾವ ಪಟ ಎಷ್ಟು ಹೊತ್ತು ಮೇಲೆ ತಡೆದುಕೊಳ್ಳುತ್ತದೆ, ಯಾವುದು ಗಾಳಿ ಬಲಕ್ಕೆ ಹೊಡೆದರೆ ಹೊಯ್ದಾಡುತ್ತದೆ, ಯಾವುದರ ರಾಟೆ ಅರೆ ಸೆಕೆಂಡು ತಡ, ಎಲ್ಲವೂ ಅವಳ ತಲೆಯಲ್ಲಿತ್ತು. ಅದನ್ನು ಯಾವ ಕಂಪ್ಯೂಟರಿನಲ್ಲೂ ಯಾರೂ ಒಟ್ಟುಮಾಡಿ ಇಟ್ಟಿರಲಿಲ್ಲ. ಅದು ಐದು ತಿಂಗಳು ದಿನಕ್ಕೆ ಎಂಟು ತಾಸು ನೋಡಿ ಕೂಡಿಟ್ಟ ತಿಳಿವು. ಅವಳ ಒಂದೊಂದು ಅಂಕಿ ಬಾಯಿಂದ ಬೀಳುವಷ್ಟರಲ್ಲಿ ಚಿದಾನಂದ ಅದನ್ನು ಸರಿಯಾದ ಕಟ್ಟೆಗೆ ಮುಟ್ಟಿಸುತ್ತಿದ್ದ. ಒಂದು ಕಿವಿಯಲ್ಲಿ ಮೂರನೇ ಕಟ್ಟೆ “ಏನಂದ್ರಿ?” ಎನ್ನುತ್ತಿರುವಾಗ ಇನ್ನೊಂದರಲ್ಲಿ ಆರನೆಯದು “ಆತ್ರಿ” ಎನ್ನುತ್ತಿತ್ತು. ಬೇರೆ ಯಾರೇ ಆಗಿದ್ದರೂ ಗೊಂದಲದಲ್ಲಿ ಮುಳುಗುತ್ತಿದ್ದರು. ಚಿದಾನಂದನ ಮುಖ ಮಾತ್ರ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಹುಟ್ಟಿದಾಗಿನಿಂದ ಅವನ ತಲೆಯೊಳಗೆ ಹನ್ನೆರಡು ಜನ ಒಟ್ಟಿಗೆ ಮಾತಾಡುತ್ತಲೇ ಇದ್ದರು. ಇವತ್ತು ಅವರು ಹೊರಗೆ ಮಾತಾಡುತ್ತಿದ್ದರು, ಅಷ್ಟೇ.

“ಎಪ್ಪಾ, ಐದನೇ ಕಟ್ಟಿ, ಮೂರನೇದ್ದು ಹನ್ನೆರಡು ಅಂದೆ, ಇಪ್ಪತ್ತಲ್ಲ! ಏಳನೇ ಕಟ್ಟಿ, ಭೇಷ್, ಹಿಡ್ಕೊಂಡಿರಿ, ಇನ್ನಾ ಹಿಡ್ಕೋರಿ… ಬಿಡ್ರಿ!”

ಬಾಗಿಲು ದಢಾರನೆ ತೆರೆಯಿತು. ವತ್ಸಲಾ ಅರಸ್. ಹಿಂದೆ ಇಬ್ಬರು ಅಧಿಕಾರಿಗಳು.

“ನದಾಫ್! ಯಾರು ಅಪ್ಪಣೆ ಕೊಟ್ಟಿದ್ದು ಇದಕ್ಕೆ?”

ನದಾಫರು ಬ್ಯಾಟರಿಯ ಮುಳ್ಳಿನತ್ತ ಬೆರಳು ತೋರಿಸಿದರು. ಗಾಳಿಯ ಪಟ್ಟಿ ಆಗ ತಾನೇ ಹೊಲಕ್ಕೆ ಅಪ್ಪಳಿಸಿತ್ತು. ಏಳು ಕಟ್ಟೆಗಳಿಗೆ ಮಾತ್ರ ಲೆಕ್ಕ ಮುಟ್ಟಿತ್ತು. ಉಳಿದ ಐದರ ಪಟಗಳು ಒಟ್ಟಿಗೇ ಹಗ್ಗ ಮುಗಿಸಿ ಇಳಿಯತೊಡಗಿದವು, ಅವುಗಳ ಜೊತೆ ಚದುರದೆ ಉಳಿದ ಬೇರೆಯವೂ. ಮುಳ್ಳು ಕೆಂಪಿಗೆ ಬಿತ್ತು. ತೊಂಬತ್ತಮೂರು.

ಎರಡು ರಾಟೆಗಳು ಸುಸ್ತಾಗಿ ನಿಂತವು. ಕಿಟಕಿಯಾಚೆ, ಆಕಾಶದಲ್ಲಿ, ಎರಡು ಪಟಗಳ ಹಗ್ಗ ಸಡಿಲವಾಗಿ ಕೊಂಕಿದ್ದು ಬರಿಗಣ್ಣಿಗೇ ಕಾಣಿಸಿತು. ಒಂದು ಖಾಲಿ ರಸ್ತೆಯ ಮೇಲೆ ಬಿತ್ತು. ಇನ್ನೊಂದು ಹೆಸರಿನ ಹೊಲದ ಮೇಲೆ, ಕಳೆ ತೆಗೆಯುತ್ತಿದ್ದ ಆರು ಹೆಂಗಸರು ಕುಡುಗೋಲು ಬಿಸಾಕಿ ಓಡಿದ ಕಡೆಯಿಂದ ಇಪ್ಪತ್ತು ಮಾರು ಈಚೆಗೆ, ಮದುವೆಯ ಚಪ್ಪರ ಕುಸಿದಂತೆ ಕುಸಿಯಿತು.

ವತ್ಸಲಾ ಕಿಟಕಿಯನ್ನು ನೋಡಿದರು. ನೆಲದ ಮೇಲೆ ಕಣ್ಣು ಮುಚ್ಚಿ ಅಂಕಿ ಹೇಳುತ್ತಿದ್ದ ಹುಡುಗಿಯನ್ನು ನೋಡಿದರು. ಏನೋ ಕೇಳಲು ಬಾಯಿ ತೆರೆದ ಅಧಿಕಾರಿಯ ಎದುರು ಕೈ ಅಡ್ಡ ಹಿಡಿದರು.

“ಯಾರೂ ಮಾತಾಡಬೇಡಿ,” ಎಂದು ಪಿಸುಗುಟ್ಟಿದರು. “ಅವರು ಕೆಲಸ ಮಾಡಲಿ.”

“ಹನ್ನೆರಡನೇ ಕಟ್ಟೆ,” ಎಂದಳು ನೀಲಗಂಗಾ. “ಒಂದನೆಯದು ನಾಲ್ಕು ಸೆಕೆಂಡು. ನಾಲ್ಕನೆಯದು ಇಪ್ಪತ್ತಾರು. ಹನ್ನೊಂದನೆಯದನ್ನು ಈಗ ಇಳಿಸಿ.”

ಮುಂದಿನ ಸುತ್ತು ಎಪ್ಪತ್ತೊಂದು. ಅದರ ಮುಂದಿನದು ಐವತ್ತೆಂಟು. ಗಾಳಿ ಗೋಳಿಡುತ್ತಿತ್ತು, ಕಿಟಕಿಯ ಗಾಜು ಅದುರುತ್ತಿತ್ತು. ನಲವತ್ತನಾಲ್ಕು. ಬ್ಯಾಟರಿಯ ಮುಳ್ಳು ಕೆಂಪಿನಿಂದ ಎದ್ದು ನಿಂತಿತು. ಮೂವತ್ತೈದು. ಹೊರಗೆ ನೋಡಿದರೆ ಆಕಾಶದ ತುಂಬ ಪಟಗಳು, ಒಂದು ಏರಿದರೆ ಒಂದು ಇಳಿಯುತ್ತ, ಒಂದರಂತೆ ಇನ್ನೊಂದಿಲ್ಲದೆ, ತಮ್ಮ ತಮ್ಮ ಲಯದಲ್ಲಿ ಹಾರುತ್ತಿದ್ದವು.

“ಮೂವತ್ತಮೂರು,” ಎಂದಳು ನೀಲಗಂಗಾ, ಕಣ್ಣು ತೆರೆದು ಮೂಲೆಯ ಪರದೆ ನೋಡಿ. “ಸಾಕು.”

ಹನ್ನೆರಡನೇ ಕಟ್ಟೆಯವರು ಮೊದಲು ಕೂಗಿದರು. ಆಮೇಲೆ ಹನ್ನೆರಡೂ ಚಾನೆಲ್‌ಗಳಲ್ಲಿ ಹೋ ಎಂಬ ಕೇಕೆ, ಸಿಳ್ಳೆ. ಚಿದಾನಂದ ಕೂಡಲೇ ಎಲ್ಲದರ ಸದ್ದು ತಗ್ಗಿಸಿದ. ಅವನ ಕಣ್ಣಿಂದ ನೀರಿಳಿಯುತ್ತಿತ್ತು, ಅವನು ನಗುತ್ತಿದ್ದ. ನದಾಫರು ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ನೀಲಗಂಗಾ ಎದ್ದು, ಯಾರನ್ನೂ ನೋಡದೆ, ಹಗ್ಗದ ಗೋದಾಮಿಗೆ ಹೋಗಿ ಸುರುಳಿಗಳ ನಡುವೆ ಕೂತಳು. ಅಲ್ಲಿ ಮಬ್ಬು ಬೆಳಕು, ನಾರಿನ ವಾಸನೆ. ನದಾಫರು ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು ಒಂದು ತಾಸು ಯಾರನ್ನೂ ಒಳಗೆ ಬಿಡಲಿಲ್ಲ. ಅಧಿಕಾರಿಗಳು ಬಂದರು, “ನಾಳೆ ಬರ್ರಿ” ಎಂದರು. ಫೋಟೊ ತೆಗೆಯುವವರು ಬಂದರು, “ಬ್ಯಾಡ್ರಿ” ಎಂದರು.

ಕೊನೆಗೆ ವತ್ಸಲಾ ಬಂದರು. ಕೈಯಲ್ಲಿ ದಪ್ಪನೆಯ ಕಾಗದದ ಕಟ್ಟು. ಅವರು ಒಳಗೆ ಹೋಗಿ, ನೀಲಗಂಗಾಳ ಎದುರಿಗೆ ಅಲ್ಲ, ಪಕ್ಕಕ್ಕೆ, ಒಂದು ಸುರುಳಿಯ ಮೇಲೆ ಕೂತರು. ಇಬ್ಬರೂ ಎದುರಿನ ಗೋಡೆಯನ್ನೇ ನೋಡಿದರು.

“ನಿಮ್ಮ ವರದಿಗಳನ್ನ ಈಗ ಓದಿದೆ,” ಎಂದರು ವತ್ಸಲಾ. “ಐದು ವಾರದ ಹಿಂದೆಯೇ ಎಲ್ಲ ಬರೆದಿದ್ದೀರಿ. ನಾನು ನೋಡಲಿಲ್ಲ.”

“ಒಂಬತ್ತು ವರದಿ ಕಳಿಸಿದ್ದೆ. ನೀವು ತೆರೆದದ್ದು ಒಂದು. ಅದನ್ನೂ ಹದಿನೈದು ಸೆಕೆಂಡು.”

ಇದು ಚುಚ್ಚುಮಾತಲ್ಲ, ಇದ್ದದ್ದು ಇದ್ದಂತೆ ಹೇಳಿದ್ದು ಎಂದು ವತ್ಸಲಾ ಅವರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ಇನ್ನೂ ಹೆಚ್ಚು ನಾಚಿಕೆಯಾಯಿತು.

“ಕ್ಷಮಿಸಿ,” ಎಂದರು. “ಆ ಕಾಗದ ವಾಪಸು ತಗೊಳ್ತೀನಿ. ನಿಮಗೆ ಏನು ಬೇಕು, ಹೇಳಿ. ಬಡ್ತಿ? ಬೆಂಗಳೂರಲ್ಲಿ ದೊಡ್ಡ ಸಮಾರಂಭ ಮಾಡಿ ಸನ್ಮಾನ ಮಾಡಬೇಕು ಅಂತ ಆಗಲೇ ಮೇಲಿನವರ ಫೋನು ಬಂದಿದೆ.”

ನೀಲಗಂಗಾ ಪಕ್ಕದ ಸುರುಳಿಯ ಹಗ್ಗದ ಮೇಲೆ ಅಂಗೈ ಸವರಿದಳು.

“ಸಮಾರಂಭ ಬೇಡ. ಅಲ್ಲಿ ಮೈಕು ಇರುತ್ತದೆ,” ಎಂದಳು. “ಸರಾಸರಿ ಮಾಡದ ಗೆರೆಗಳನ್ನು ನೋಡಲು ಒಬ್ಬಳೇ ಸಾಲುವುದಿಲ್ಲ. ನಾನು ಮಲಗುತ್ತೇನೆ, ಊಟ ಮಾಡುತ್ತೇನೆ, ಜ್ವರ ಬರುತ್ತದೆ. ನನ್ನಂಥವರು ಇನ್ನೂ ನಾಲ್ಕು ಜನ ಬೇಕು. ಅವರನ್ನು ನಾನು ಆರಿಸುತ್ತೇನೆ. ಸಂದರ್ಶನ ಮಾಡಬಾರದು.”

“ಸಂದರ್ಶನ ಇಲ್ಲದೆ ಹೇಗೆ ಆರಿಸ್ತೀರಿ?”

“ಕೆಲಸ ಕೊಟ್ಟು.”

ಅಂದು ಸಂಜೆ ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಬೆಟಗೇರಿ ಮುಟ್ಟಿತ್ತು. ಓಣಿಯವರೆಲ್ಲ ಶಾಂತವ್ವನ ಮನೆ ಮುಂದೆ ಸೇರಿದ್ದರು. ಮಗಳಿಗೆ ಗದ್ದಲ ಆಗದೆಂದು ಶಾಂತವ್ವ ಅವರನ್ನೆಲ್ಲ ಕೈಮುಗಿದು ಹಿಂದಕ್ಕೆ ಸರಿಸಿ ದಾರಿ ಮಾಡಿದ್ದಳು. ನೂರಾರು ಜನ ಎರಡೂ ಬದಿಯಲ್ಲಿ ಒಂದು ಸದ್ದಿಲ್ಲದೆ ನಿಂತರು. ನೀಲಗಂಗಾ ನಡುವೆ ನಡೆದು ಬಂದಳು. ಹೆಸರಿನ ಹೊಲದಿಂದ ಓಡಿದ್ದ ಹೆಂಗಸರಲ್ಲಿ ಒಬ್ಬಳು ಬಸ್ಸು ಹಿಡಿದು ಬಂದಿದ್ದಳು. ಮಡಿಲಲ್ಲಿ ತಂದಿದ್ದ ಶೇಂಗಾವನ್ನು ಕಟ್ಟೆಯ ಮೇಲೆ ಸುರುವಿ, ಕಣ್ಣೊರೆಸಿಕೊಂಡು ಹೋದಳು.

ಒಳಗೆ ಬಂದ ಮೇಲೆ ಶಾಂತವ್ವ ಕೇಳಿದಳು, “ಕೆಲಸ ಉಳೀತೇನವಾ?”

“ಉಳಿಯಿತು. ನಾನು ಈಗ ನಾಲ್ಕು ಜನರಿಗೆ ಮೇಲಿನವಳು.”

ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಿತ್ತಲಿಗೆ ಹೋಗಿ, ಸದ್ದಾಗದಂತೆ ಅತ್ತಳು.

ಹೊಸ ಕೋಣೆ ದಸರೆಯ ಹೊತ್ತಿಗೆ ಸಿದ್ಧವಾಯಿತು. ಅದರಲ್ಲಿ ಗುಂಯ್‌ಗುಡುವ ದೀಪವಿರಲಿಲ್ಲ. ಗೋಡೆಗೆ ದಪ್ಪ ಕಂಬಳಿ ಬಡಿದಿದ್ದರು. ಹೇಳುವುದನ್ನು ಬರೆದು ತೋರಿಸಬಹುದು, ಮಾತಾಡಿದರೆ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು ಎಂಬುದು ಅಲ್ಲಿನ ನಿಯಮ. ಬಾಗಿಲ ಆಚೆ ಚಿದಾನಂದನ ಹನ್ನೆರಡು ಚಾನೆಲ್‌ಗಳು. ಅವನಿಗೆ ಕೂರಲು ಕುರ್ಚಿ ಇಡದೆ, ಅಡ್ಡಾಡಲು ಉದ್ದನೆಯ ಮೊಗಸಾಲೆ ಬಿಟ್ಟಿದ್ದರು. ದಿನದ ವರದಿಯನ್ನು ಅವನು ಬಾಯಿಂದ ಹೇಳಿದರೆ ಯಂತ್ರ ಬರೆದುಕೊಳ್ಳುತ್ತಿತ್ತು. ಮೆಮೊ ಬರುವುದು ನಿಂತಿತ್ತು.

ಕೆಲಸಕ್ಕೆ ಬರೆದುಕೊಂಡವರು ಇನ್ನೂರ ಹದಿನೇಳು ಜನ. ಎಲ್ಲರಿಗೂ ನೀಲಗಂಗಾ ಒಂದು ದಿನದ ಗೆರೆಗಳನ್ನು ಕಳಿಸಿ, ಕಂಡದ್ದನ್ನು ಬರೆಯಿರಿ ಎಂದು ಕೇಳಿದ್ದಳು. ಆರಿಸಿದ ನಾಲ್ವರಲ್ಲಿ ಒಬ್ಬಾಕೆ ಲಕ್ಷ್ಮೇಶ್ವರದ ರಜಿಯಾಬೇಗಂ ಮುಲ್ಲಾ. ನಲವತ್ತೊಂದು ವರ್ಷ. ಹನ್ನೊಂದು ಕಡೆ ಕೆಲಸಕ್ಕೆ ಸೇರಿದ್ದಳು, ಹನ್ನೊಂದು ಕಡೆಯೂ ತೆಗೆದುಹಾಕಿದ್ದರು. ಎಲ್ಲಿಯೂ ಕೆಲಸ ತಪ್ಪಿದ್ದಕ್ಕಲ್ಲ. ಅಕ್ಷರ ಅದಲುಬದಲಾಗಿ ಕಾಣುತ್ತಿದ್ದರಿಂದ ಓದಲು ತಡವಾಗುತ್ತದೆ ಎಂದು.

ಒಂದು ಸೋಮವಾರ ಅವಳು ಬುರ್ಖಾ ಮಡಚಿ ಚೀಲದಲ್ಲಿಟ್ಟು, ಪರದೆಯ ಮುಂದೆ ಕೂತಳು. ಮೊದಲ ಎರಡು ತಾಸು ಆ ಕೋಣೆಯಲ್ಲಿ ಐದು ಜನ ಒಂದೇ ಒಂದು ಮಾತಾಡಲಿಲ್ಲ. ನೀಲಗಂಗಾಳಿಗೆ ಅಷ್ಟು ಸುಖವಾದ ಬೆಳಗು ಎಂದೂ ಸಿಕ್ಕಿರಲಿಲ್ಲ.

ಹನ್ನೊಂದು ಗಂಟೆಗೆ ರಜಿಯಾ ಕೈ ಎತ್ತಿದಳು.

“ಎಪ್ಪತ್ತೊಂಬತ್ತನೇದ್ದು ಸರಿ ಇಲ್ಲ ಅನಸ್ತೈತ್ರಿ. ಏನು ಅಂತ ಹೇಳಾಕ ಬರವಲ್ದು. ಗೆರಿ ಅಂಚಿನ್ಯಾಗ ಎಳಿ ಕೆದರಿದಂಗ ಒಂಥರಾ ಜುಂಜು ಐತಿ. ನಂದs ತಪ್ಪಿರಬೇಕು, ಮಾಫ್ ಮಾಡ್ರಿ.”

ನೀಲಗಂಗಾ ಬಂದು ನೋಡಿದಳು. ಅವಳಿಗೆ ಏನೂ ಕಾಣಲಿಲ್ಲ. ಮತ್ತೊಮ್ಮೆ ನೋಡಿದಳು. ಆಗಲೂ ಕಾಣಲಿಲ್ಲ. ಅವಳು ಬಾಗಿಲು ತೆರೆದು ಚಿದಾನಂದನಿಗೆ ಹೇಳಿದಳು:

“ಎಪ್ಪತ್ತೊಂಬತ್ತನ್ನು ಕೆಳಗಿಳಿಸಿ.”

ಪಟ ಇಳಿಯಿತು. ಕಟ್ಟೆಯವರು ಹಗ್ಗದ ಮೇಲಿನ ಹೊದಿಕೆಯನ್ನು ಉದ್ದಕ್ಕೂ ಸೀಳಿ ನೋಡಿದರು. ನದಾಫರು ತಾವೇ ಜೀಪಿನಲ್ಲಿ ಹೋಗಿದ್ದರು. ಇಪ್ಪತ್ತು ನಿಮಿಷದ ನಂತರ ವೈರ್‌ಲೆಸ್‌ನಲ್ಲಿ ಅವರ ದನಿ ಬಂತು.

“ಒಳಗ ನಲವತ್ತು ಎಳಿಯೊಳಗ ಹದಿಮೂರು ಹರದಾವ. ನಾಳಿ ತನಕಾ ತಡೀತಿದ್ದಿಲ್ಲ. ಯಾರವಾ ಹಿಡದದ್ದು? ನೀನs ಏನು?”

ನೀಲಗಂಗಾ ವೈರ್‌ಲೆಸ್ಸಿನ ಗುಂಡಿ ಒತ್ತಿದಳು. ಕೋಣೆಯಲ್ಲಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು:

“ಅಲ್ಲ ಸರ್. ರಜಿಯಾಬೇಗಂ ಮುಲ್ಲಾ ಅವರು. ಇವತ್ತು ಅವರ ಮೊದಲನೇ ದಿನ.”